ಉಪ್ಪರಿಗೆ ಮೇಲೆ ಟ್ರೆಡ್‌ಮಿಲ್ ಇಡಬಹುದೇ?

ಪ್ರಶ್ನೆ: ನಮ್ಮದು ಹಳೇ ಹಂಚಿನ ಮನೆ. ಉಪ್ಪರಿಗೆಗೆ ಮರದ ತೊಲೆ, ಅದರ ಮೇಲೆ ಹಲಗೆ. ಮಗ 95 ಕೆ.ಜಿ. ತೂಕದ ಟ್ರೆಡ್‌ಮಿಲ್ ತರಿಸಿದ್ದಾನೆ. ಮೇಲಿಟ್ಟರೆ ತಡೆಯುತ್ತದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಕೆಳಗೆ ಜಾಗವಿದ್ದರೆ ದಯವಿಟ್ಟು ಕೆಳಗೇ ಇಡಿ. ಸುಮ್ಮನೆ ನಿಂತ ಯಂತ್ರವನ್ನು ಗಟ್ಟಿ ತೊಲೆಗಳು ಹೊರುತ್ತವೆ. ತೊಂದರೆ ಇರುವುದು ಓಟದಲ್ಲಿ. ಓಡುವವರ ಪ್ರತಿ ಹೆಜ್ಜೆಯೂ ದೇಹದ ತೂಕದ ಎರಡು-ಮೂರು ಪಟ್ಟು ಬಲದಿಂದ ಬೀಳುತ್ತದೆ. ನಿಮ್ಮ ಮಗ 75 ಕೆ.ಜಿ. ಇದ್ದರೆ ಒಂದೊಂದು ಹೆಜ್ಜೆಗೂ 150ರಿಂದ 225 ಕೆ.ಜಿ.ಯಷ್ಟು ಪೆಟ್ಟು, ಅದೂ ನಿಮಿಷಕ್ಕೆ ನೂರೈವತ್ತು ಸಲ. ಹಲಗೆಯ ಮೊಳೆಗಳು ಸಡಿಲಾಗುವುದು ಹೀಗೆ.

ಮೇಲೇ ಇಡಬೇಕೆಂದಾದರೆ ಮೊದಲು ತೊಲೆಯ ತುದಿ ನೋಡಿ. ಮಲೆನಾಡಿನ ಮಳೆಗೆ ಗೋಡೆ ತೇವ ಹೀರುತ್ತದೆ. ಗೋಡೆಯೊಳಗೆ ಕೂತ ತುದಿಯೇ ಮೊದಲು ಕೊಳೆಯುವುದು, ಗೆದ್ದಲು ಹಿಡಿಯುವುದೂ ಹೆಚ್ಚಾಗಿ ಅಲ್ಲೇ. ಸ್ಕ್ರೂಡ್ರೈವರ್ ಒತ್ತಿದಾಗ ಸಲೀಸಾಗಿ ಒಳಹೊಕ್ಕರೆ, ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಆ ತೊಲೆ ಸರಿಯಾಗುವ ತನಕ ಯಂತ್ರ ಮೇಲೇರಕೂಡದು. ತೊಲೆಯ ತುದಿಯಿಂದ ತುದಿಗೆ ದಾರ ಬಿಗಿದು ನಡುವೆ ಜಗ್ಗಿದೆಯೇ ಎಂದೂ ನೋಡಿ.

ಮರ ಗಟ್ಟಿಯಿದ್ದರೆ, ತೊಲೆಗಳು ಯಾವ ಗೋಡೆಯ ಮೇಲೆ ಕೂತಿವೆಯೋ ಆ ಗೋಡೆಯ ಪಕ್ಕಕ್ಕೆ ಉದ್ದುದ್ದವಾಗಿ ಇಡಿ. ಆಗ ಭಾರ ಎರಡು-ಮೂರು ತೊಲೆಗೆ ಹಂಚಿಹೋಗುತ್ತದೆ. ಕೋಣೆಯ ನಡುವೆ ಬೇಡ, ತೊಲೆ ಅತಿ ಹೆಚ್ಚು ಬಾಗುವುದು ಅಲ್ಲಿಯೇ. ಕೆಳಗೆ 18 ಮಿ.ಮೀ. ಪ್ಲೈವುಡ್‌ನ 8x4 ಅಡಿಯ ಇಡೀ ಹಾಳೆ, ಅದರ ಮೇಲೆ 10 ಮಿ.ಮೀ. ರಬ್ಬರ್ ಮ್ಯಾಟ್ ಹಾಕಿ. ಬೆಲ್ಟಿನ ಹಿಂದೆ ಆರಡಿ ಖಾಲಿ ಬಿಡಿ. ಜಾರಿ ಬಿದ್ದವರ ತಲೆ ಗೋಡೆಗೆ ಬಡಿಯಬಾರದು. ಇಷ್ಟಾದ ಮೇಲೂ ಅಲ್ಲಿ ನಡಿಗೆ ಮಾತ್ರ ಇರಲಿ. ಓಟ ಬೇಡ.

ಪ್ರಶ್ನೆ: ಮೊದಲ ಮಹಡಿಯ ಕೋಣೆಯಲ್ಲಿ 250 ಕೆ.ಜಿ. ಮಲ್ಟಿ ಜಿಮ್ ಇಟ್ಟೆವು. ಒಂದು ಕಾಲಿನ ಕೆಳಗೆ ಟೈಲ್ ಬಿರಿಯಿತು. ಮೋಲ್ಡಿಗೆ ಅಪಾಯವೇ?
– ಓದುಗರು, ಹಾಸನ

ಉತ್ತರ: ಮೋಲ್ಡ್ ಸರಿಯಾಗಿ ಕಟ್ಟಿದ್ದಾದರೆ ಹೆದರಬೇಡಿ. ಕಟ್ಟಡ ಎಷ್ಟು ಭಾರ ಹೊರಬೇಕೆಂದು ಹೇಳುವ ಭಾರತೀಯ ಮಾನದಂಡ ಐಎಸ್ 875ರ (1987) ಎರಡನೇ ಭಾಗದ ಪ್ರಕಾರ ವಾಸದ ಕೋಣೆಯನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಹೊರುವಂತೆ ಕಟ್ಟಬೇಕು. 10x12 ಅಡಿಯ ಕೋಣೆಗೆ ಒಟ್ಟು ಎರಡು ಟನ್ನಿಗೂ ಮೇಲಾಯಿತು, ಭಾರ ಹರಡಿಕೊಂಡಿದ್ದರೆ. ನಿಜವಾದ ಜಿಮ್ಮಿಗೆ ಅದೇ ನಿಯಮ 5 ಕಿಲೋನ್ಯೂಟನ್ ಕೇಳುತ್ತದೆ. ಆದ್ದರಿಂದ ಬೀರು, ಮಂಚ ಎಲ್ಲವನ್ನೂ ಅದೇ ಕೋಣೆಯಲ್ಲಿ ತುಂಬಬೇಡಿ.

ನಿಮ್ಮ ಟೈಲ್ ಬಿರಿದದ್ದು ಅಡಿಯ ಟೊಳ್ಳಿನಿಂದ ಇರಬಹುದು. ಗಾರೆಯನ್ನು ನಾಲ್ಕು ಮೂಲೆ, ನಡುವೆ ಒಂದು ಮುದ್ದೆ ಇಟ್ಟು ಕೂರಿಸಿದರೆ ಮಿಕ್ಕ ಜಾಗ ಖಾಲಿ ಉಳಿಯುತ್ತದೆ. ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬರುವ ಟೈಲ್‌ಗಳನ್ನು ಎಬ್ಬಿಸಿ, ಅಡಿಯಿಡೀ ಅಂಟು ಬಳಿದು ಕೂರಿಸಿ. ಯಂತ್ರದಡಿ ಪ್ಲೈವುಡ್ ಹಾಳೆ, 15 ಮಿ.ಮೀ. ರಬ್ಬರ್ ಇರಲಿ. ಬಾರ್‌ಬೆಲ್ ಎತ್ತಿ ನೆಲಕ್ಕೆ ಬಿಡುವ ಅಭ್ಯಾಸ ಮಹಡಿಯಲ್ಲಿ ಬೇಡವೇ ಬೇಡ. ಹೊರಚಾಚಿದ ಬಾಲ್ಕನಿಯಲ್ಲಂತೂ ಯಾವ ಭಾರದ ಯಂತ್ರವನ್ನೂ ಇಡಬೇಡಿ: ಅದನ್ನು ಹಿಡಿದಿರುವ ಕಬ್ಬಿಣ ಮೇಲ್ಭಾಗದಲ್ಲಿದೆ, ಮಳೆನೀರು ಇಳಿದು ಅದು ತುಕ್ಕು ಹಿಡಿದಿದ್ದರೆ ಕೆಳಗಿನಿಂದ ಕಾಣುವುದಿಲ್ಲ.

ಪ್ರಶ್ನೆ: ರೆಡ್ ಆಕ್ಸೈಡ್ ನೆಲದ ಮೇಲೆ ಮ್ಯಾಟ್ ಹಾಸಿ ವ್ಯಾಯಾಮದ ಸೈಕಲ್ ಇಟ್ಟಿದ್ದೆವು. ಮಳೆಗಾಲ ಕಳೆದು ಎತ್ತಿದರೆ ಅಡಿಯೆಲ್ಲ ಬಿಳಿ ಪುಡಿ.
– ಓದುಗರು, ಚಿಕ್ಕಮಗಳೂರು

ಉತ್ತರ: ನೆಲದಿಂದ ಏರುವ ತೇವ ಸಿಮೆಂಟಿನ ಲವಣವನ್ನು ಹೊತ್ತು ತರುತ್ತದೆ, ಅದೇ ಆ ಪುಡಿ. ಎರಡು-ಮೂರು ದಿನ ಫ್ಯಾನ್ ಹಾಕಿ ಒಣಗಿಸಿ, ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆ್ಯಸಿಡ್ ಹಾಕಬೇಡಿ, ಬಣ್ಣವೇ ಹೋಗುತ್ತದೆ. ಮುಂದೆ ಪ್ಲೈವುಡ್ ಅಡಿಗೆ ಮರದ ರೀಪರ್ ಪಟ್ಟಿ ಕೊಟ್ಟು, ಸೈಕಲ್ಲಿನ ಕಾಲುಗಳು ಪಟ್ಟಿಯ ನೇರಕ್ಕೇ ಬರುವಂತೆ ಇಡಿ. ಕೆಳಗೆ ಗಾಳಿಯಾಡಿದರೆ ತೇವ ನಿಲ್ಲುವುದಿಲ್ಲ.