ಅರ್ಧಾಣೆಯ ಕಾಗದವನ್ನು ಪೂರ್ತಿ ಓದಿ

ನಮಸ್ಕಾರ.

ಉರ್ದು, ಫಾರಸಿ ಕವಿ ಗಾಲಿಬ್ ತನ್ನ ಗೆಳೆಯ, ಶಿಷ್ಯ ಮುನ್ಷಿ ಹರಗೋಪಾಲನಿಗೆ ಬರೆದ ಕಾಗದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಗದ್ಯ ಸರಾಗವಾಗಿದೆ, ಅವನ ಫಾರಸಿ ಪುಸ್ತಕ ‘ದಸ್ತಂಬೂ’ ಅಚ್ಚಾದ ಪ್ರಸಂಗವನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ಈಗ ಇರುವ ಹಾಗೆ ಪ್ರಕಟಿಸಲಾರೆ. ಎರಡನೇ ಪುಟ ನನ್ನನ್ನು ತುಂಬ ಕಾಡಿತು. ಗಾಲಿಬನ ಅತ್ಯಂತ ಜೀವಂತವಾದ ಕಾಗದವೊಂದು ಅಲ್ಲಿ ಸತ್ತು ಬಿದ್ದಿದೆ. ಅದಕ್ಕೇ ಉಳಿದ ಪುಟಗಳನ್ನು ಬದಿಗಿಟ್ಟು ಅದರ ಮಾತನ್ನೇ ಆಡುತ್ತೇನೆ.

ಮೊದಲು ಹೆಸರು. ಹರಗೋಪಾಲನ ಕಾವ್ಯನಾಮವನ್ನು ನೀವು ಉದ್ದಕ್ಕೂ ‘ತುಫ್ತಾ’ ಎಂದು ಬರೆದಿದ್ದೀರಿ. ಇಂಗ್ಲಿಷ್ ಪುಸ್ತಕದ ‘ಯು’ ಅಕ್ಷರವನ್ನು ಕಂಡು ಹಾಗೆ ಮಾಡಿರಬೇಕು. ಅದು ತಫ್ತಾ. ಫಾರಸಿಯಲ್ಲಿ ಕಾದದ್ದು, ಬೆಂದದ್ದು ಎಂದರ್ಥ. ನಮ್ಮ ‘ತಪ್ತ’ಕ್ಕೂ ಅದಕ್ಕೂ ಬೇರು ಒಂದೇ. ಸಿಕಂದರಾಬಾದಿನ ಕಾಯಸ್ಥನೊಬ್ಬ ಫಾರಸಿ ಕವಿತೆಗೆಂದು ಇಟ್ಟುಕೊಂಡ ಹೆಸರು ಅದು. (ಬುಲಂದ್‌ಶಹರ್ ಬಳಿಯ ಸಿಕಂದರಾಬಾದ್ ಎಂದು ಒಂದು ಮಾತು ಸೇರಿಸಿ, ಇಲ್ಲದಿದ್ದರೆ ನಮ್ಮ ಓದುಗರು ಹೈದರಾಬಾದಿನ ಪಕ್ಕದ ಊರಿಗೆ ಹೋಗಿಬಿಡುತ್ತಾರೆ.) ಆ ಹೆಸರಿಗೆ ‘ಮಿರ್ಜಾ’ ಸೇರಿಸಿ ಕರೆದವನು ಗಾಲಿಬ್.

ಈಗ ನಿಮ್ಮ ಎರಡನೇ ಪುಟದ ಉದ್ಧರಣೆ. ನೀವು ಕೊಟ್ಟದ್ದು ಹೀಗಿದೆ: ‘ಪ್ರಿಯ ಗೆಳೆಯಾ, ನೀನು ಸದಾ ಕ್ರೋಧಿತನಾಗಿಯೇ ಇರುವೆಯಾ? ಈ ಏಕಾಂತದಲ್ಲಿ ನಾನು ಪತ್ರಗಳನ್ನು ನಂಬಿ ಜೀವಿಸುತ್ತಿದ್ದೇನೆ... ಅಂಚೆವೆಚ್ಚ ಹೊರೆಯಾದರೆ ಉಚಿತವಾಗಿ ಕಳುಹಿಸು.’ ಅದರ ಕೆಳಗೆ ನಿಮ್ಮ ಮಾತು: ‘ಎಲ್ಲರೂ ತೊರೆದ ಮುದಿ ಕವಿ 1858ರ ಡಿಸೆಂಬರ್ 27ರಂದು, ತನ್ನ ಹುಟ್ಟುಹಬ್ಬದ ದಿನ, ಏಕೈಕ ಗೆಳೆಯನ ಮುಂದೆ ಇಟ್ಟ ಕಣ್ಣೀರು.’

ಮೊದಲ ಪದದಿಂದಲೇ ಶುರು ಮಾಡೋಣ. ಮೂಲದಲ್ಲಿ ‘ಪ್ರಿಯ ಗೆಳೆಯಾ’ ಇಲ್ಲ. ‘ಕ್ಯೂಂ ಸಾಹಿಬ್’ ಎಂದಿದೆ. ಉದ್ದುದ್ದ ಬಿರುದುಗಳ ಒಕ್ಕಣೆಯಿಂದ ಕಾಗದ ಆರಂಭಿಸುವ ಫಾರಸಿ ಪದ್ಧತಿಯನ್ನು ಕೈಬಿಟ್ಟು, ಎದುರಿಗೆ ಕೂತವನ ಭುಜ ತಟ್ಟಿ ಮಾತಿಗೆಳೆದಂತೆ ಶುರು ಮಾಡುವುದು ಗಾಲಿಬನ ಉರ್ದು ಕಾಗದಗಳ ಹೊಸತನ. ಸಾಹಿಬ್, ಭಾಯಿ, ಮಿರ್ಜಾ ತಫ್ತಾ ಎಂದು ಕರೆ ಬದಲಾಗುತ್ತಾ ಹೋಗುತ್ತದೆ, ಕರೆಯ ಜೊತೆಗೆ ಆ ದಿನದ ಮನಸ್ಸೂ ಬದಲಾಗುತ್ತದೆ. ನಿಮ್ಮಲ್ಲಿ ಎಲ್ಲವೂ ‘ಪ್ರಿಯ ಗೆಳೆಯಾ’ ಆಗಿ ಕೂತಿವೆ. ಕನ್ನಡಕ್ಕೆ ಇದು ಕಷ್ಟವೇನಲ್ಲ. ‘ಯಾಕೆ ಸ್ವಾಮಿ’ ಎಂದರೆ ಮುಗಿಯಿತು. ಗೌರವ, ಸಲಿಗೆ, ತುಸು ಆಕ್ಷೇಪಣೆ ಮೂರೂ ಅದರಲ್ಲಿ ಬಂದುಬಿಡುತ್ತವೆ.

ನಿಜವಾದ ತೊಡಕು ‘ನೀನು’ ಎಂಬುದರಲ್ಲಿದೆ. ಉರ್ದುವಿನಲ್ಲಿ ತೂ, ತುಮ್, ಆಪ್ ಎಂದು ಮೂರು ಮೆಟ್ಟಿಲು. ಈ ಕಾಗದದಲ್ಲಿರುವುದು ನಡುವಿನದು. ನಮ್ಮ ದಿನಬಳಕೆಯಲ್ಲಿರುವುದು ಎರಡೇ. ‘ನೀನು’ ಎಂದರೆ ತಫ್ತಾ ಎಳೆಯ ಶಿಷ್ಯನಾಗಿಬಿಡುತ್ತಾನೆ, ‘ನೀವು’ ಎಂದಷ್ಟೇ ಬರೆದರೆ ಕಚೇರಿ ಕಾಗದವಾಗುತ್ತದೆ. ‘ನೀವು’ ಇಟ್ಟುಕೊಂಡು, ಸಲಿಗೆಯನ್ನು ಕರೆಯಲ್ಲೂ ಕ್ರಿಯಾಪದದ ಬಾಗಿನಲ್ಲೂ ತನ್ನಿ. ನಾನಾದರೆ ಹೀಗೆ ಮಾಡುತ್ತೇನೆ: ‘ಯಾಕೆ ಸ್ವಾಮಿ, ಮುನಿಸಿಕೊಂಡೇ ಇರುತ್ತೀರೋ, ಯಾವತ್ತಾದರೂ ಸಮಾಧಾನ ಆಗುತ್ತೀರೋ? ಹೇಗೂ ಆಗುವುದಿಲ್ಲ ಎಂದಾದರೆ ಮುನಿಸಿನ ಕಾರಣವನ್ನಾದರೂ ಬರೆಯಿರಿ.’

‘ಕ್ರೋಧಿತ’ ಯಾಕೆ ಸಲ್ಲದು ಎಂಬುದು ಈಗ ಕಾಣುತ್ತದೆ. ಮೂಲದ ಮಾತು ‘ರೂಠನಾ’. ಕ್ರೋಧ ಶತ್ರುವಿನ ಮೇಲೆ ಬರುತ್ತದೆ, ಮುನಿಸು ಬೇಕಾದವರ ಮೇಲೆ ಮಾತ್ರ. ಹಾಗೆಯೇ ‘ತನ್ಹಾಯಿ’ ಇಲ್ಲಿ ಏಕಾಂತ ಅಲ್ಲ. ಏಕಾಂತ ಬಯಸಿ ಪಡೆಯುವಂಥದ್ದು. 1857ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರು ದಿಲ್ಲಿಯನ್ನು ಮರಳಿ ಹಿಡಿದ ಮೇಲೆ ಗಾಲಿಬನ ಗೆಳೆಯರಲ್ಲಿ ಕೆಲವರು ಸತ್ತರು, ಹಲವರು ಊರು ಬಿಟ್ಟರು, ನಗರದ ಮುಸ್ಲಿಮರನ್ನು ಹೊರಗೆ ಅಟ್ಟಲಾಯಿತು. ಅವನ ಪಾಲಿಗೆ ಬಂದದ್ದು ಒಂಟಿತನ.

ಮುಂದೆ ನೀವು ಹಾಕಿದ ಮೂರು ಚುಕ್ಕೆಗಳು. ನನ್ನನ್ನು ಅತಿ ಹೆಚ್ಚು ರೇಗಿಸಿದ್ದು ಇವು. ಆ ಚುಕ್ಕೆಗಳ ಕೆಳಗೆ ಏನನ್ನು ಹೂತಿದ್ದೀರಿ ಗೊತ್ತೇ? ‘ಯಾರ ಕಾಗದ ಬಂತೋ ಅವರೇ ದಯಮಾಡಿಸಿದರು ಎಂದುಕೊಳ್ಳುತ್ತೇನೆ’ ಎಂಬ ಸಾಲು ಅಲ್ಲಿದೆ. ಸುತ್ತಲ ಊರುಗಳಿಂದ ಎರಡು ನಾಲ್ಕು ಕಾಗದ ಬಾರದ ದಿನವೇ ಇಲ್ಲ, ಅದು ದೇವರ ದಯೆ ಎಂಬ ಮಾತಿದೆ. ಕೆಲವು ದಿನ ಅಂಚೆಯ ಹರಕಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರುತ್ತಾನೆ, ಅವನ್ನು ಓದುವುದರಲ್ಲಿ, ಉತ್ತರ ಬರೆಯುವುದರಲ್ಲಿ ಹಗಲು ಕಳೆಯುತ್ತದೆ ಎಂದಿದೆ. ಆಮೇಲೆ ಬರುತ್ತದೆ ಆ ಮಾತು: ಹತ್ತು ಹನ್ನೆರಡು ದಿನದಿಂದ ನಿಮ್ಮ ಕಾಗದ ಬಂದಿಲ್ಲ, ‘ಅಂದರೆ ನೀವು ಬಂದಿಲ್ಲ’.

ದಿನಕ್ಕೆ ನಾಲ್ಕು ಕಾಗದ ಬರುವವನನ್ನು ‘ಎಲ್ಲರೂ ತೊರೆದ ಕವಿ’ ಎನ್ನುವುದು ಹೇಗೆ? ತಫ್ತಾ ಏಕೈಕ ಗೆಳೆಯ ಅಲ್ಲ ಎಂಬುದರಲ್ಲೇ ಈ ಕಾಗದದ ಬಲ ಇದೆ. ಇಷ್ಟು ಜನ ಬಂದುಹೋಗುತ್ತಿದ್ದರೂ ಒಬ್ಬನು ಬಾರದಿರುವುದು ಅವನ ಲೆಕ್ಕಕ್ಕೆ ಸಿಕ್ಕಿದೆ. ನೀವು ನಡುವಿನ ಸಾಲುಗಳನ್ನು ತೆಗೆದು ಕರುಣೆಗೆ ಜಾಗ ಮಾಡಿದಿರಿ, ಸ್ನೇಹ ಹೊರಗೆ ಹೋಯಿತು. (ಹರಕಾರ ಎಂಬುದು ನಮ್ಮ ‘ಹರಿಕಾರ’ನ ಮೂಲ. ಇವತ್ತು ಹರಿಕಾರ ಎಂದರೆ ಮೊದಲು ದಾರಿ ಹಾಕಿದವನು ಎಂದಾಗುತ್ತದೆ, ಆದ್ದರಿಂದ ಅನುವಾದದಲ್ಲಿ ‘ಅಂಚೆಯವನು’ ಎಂದೇ ಬರೆಯಿರಿ.)

ಕೊನೆಯ ಸಾಲಿನಲ್ಲಿ ನೀವು ಅರ್ಥವನ್ನೇ ತಿರುಗಿಸಿದ್ದೀರಿ. ಗಾಲಿಬ್ ಹೇಳುವುದು: ‘ಅರ್ಧಾಣೆಗೆ ಜಿಪುಣತನ ಮಾಡಬೇಡಿ. ಹಾಗೇನಾದರೂ ಇದ್ದರೆ ಬೇರಿಂಗ್ ಕಳಿಸಿ.’ ಬೇರಿಂಗ್ ಎಂದರೆ ಉಚಿತ ಅಲ್ಲ. 1854ರ ಅಂಚೆ ಕಾಯಿದೆಯ ನಂತರ ಕಾಲು ತೊಲದವರೆಗಿನ ಕಾಗದ, ಅಂದರೆ ಮೂರು ಗ್ರಾಮಿಗೂ ಕಡಿಮೆ ತೂಕದ ಒಂದು ತೆಳು ಹಾಳೆ, ಕಂಪನಿಯ ಸೀಮೆಯಲ್ಲಿ ಎಷ್ಟು ದೂರವಾದರೂ ಅರ್ಧ ಆಣೆಗೆ ಹೋಗುತ್ತಿತ್ತು. ಅರ್ಧ ತೊಲಕ್ಕೆ ಒಂದು ಆಣೆ. ಅಂಚೆಚೀಟಿ ಅಂಟಿಸದೆ ‘ಬೇರಿಂಗ್’ ಹಾಕಿದರೆ ಪಡೆಯುವವನು ಎರಡರಷ್ಟು ತೆರಬೇಕಿತ್ತು. ಅಂದರೆ ಗಾಲಿಬ್ ಹೇಳುತ್ತಿರುವುದು: ನಿಮ್ಮ ಅರ್ಧಾಣೆ ಉಳಿಯಲಿ, ಇಲ್ಲಿ ನಾನು ಒಂದಾಣೆ ಕೊಟ್ಟು ಬಿಡಿಸಿಕೊಳ್ಳುತ್ತೇನೆ.

ಈ ಒಂದಾಣೆಯ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಗಾಲಿಬನಿಗೆ ಇಂಗ್ಲಿಷರಿಂದ ಬರುತ್ತಿದ್ದ ಪಿಂಚಣಿ ವರ್ಷಕ್ಕೆ 750 ರೂಪಾಯಿ, ತಿಂಗಳಿಗೆ 62 ರೂಪಾಯಿ 8 ಆಣೆ. ಅದು 1857ರ ಮೇ ತಿಂಗಳಿಂದ ನಿಂತಿತ್ತು, ಮತ್ತೆ ಶುರುವಾದದ್ದು 1860ರ ಮೇನಲ್ಲಿ. ಇತಿಹಾಸ ಬರೆಯಲೆಂದು ಬಾದಶಹನ ದರ್ಬಾರು ತಿಂಗಳಿಗೆ ಕೊಡುತ್ತಿದ್ದ 50 ರೂಪಾಯಿ ದರ್ಬಾರಿನ ಜೊತೆಗೇ ಹೋಗಿತ್ತು. ರಾಮಪುರದ ನವಾಬ ತಿಂಗಳಿಗೆ 100 ರೂಪಾಯಿ ಕೊಡಲು ಆರಂಭಿಸಿದ್ದು 1859ರ ಜುಲೈನಿಂದ. ಈ ಕಾಗದ ಬರೆದ ದಿನ ಅವನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ನಿಮ್ಮ ‘ಉಚಿತವಾಗಿ’ ಎಂಬ ಒಂದು ಪದ ಇಷ್ಟನ್ನೂ ಅಳಿಸಿಹಾಕಿತು.

ಹುಟ್ಟುಹಬ್ಬದ ಮಾತನ್ನು ದಯವಿಟ್ಟು ತೆಗೆಯಿರಿ. 1797ರ ಡಿಸೆಂಬರ್ 27 ಎಂಬುದು ನಾವು ಪರಿವರ್ತಿಸಿಕೊಂಡ ತಾರೀಖು. ಗಾಲಿಬ್ ತನ್ನ ಹುಟ್ಟನ್ನು ಹೇಳಿಕೊಳ್ಳುವುದು ಹಿಜ್ರಿ 1212ರ ರಜಬ್ 8 ಎಂದು. 1858ರ ಡಿಸೆಂಬರ್ 27ಕ್ಕೆ ನಡೆಯುತ್ತಿದ್ದುದು 1275ರ ಜುಮಾದಾ ತಿಂಗಳು. ರಜಬ್ 8 ಬಂದದ್ದು 1859ರ ಫೆಬ್ರವರಿ ಎರಡನೇ ವಾರದಲ್ಲಿ. ಆ ಸೋಮವಾರ ಅವನಿಗೆ ಹುಟ್ಟುಹಬ್ಬವಾಗಿರಲಿಲ್ಲ. ವಯಸ್ಸಿನ ಲೆಕ್ಕದಲ್ಲೂ ಇದೇ ಎಚ್ಚರ ಬೇಕು. ಹಿಜ್ರಿ ವರ್ಷ ಸುಮಾರು 11 ದಿನ ಚಿಕ್ಕದು. ಅವನು 65 ಎಂದರೆ ನಮ್ಮ ಎಣಿಕೆಯಲ್ಲಿ 63.

ಎರಡನೆಯ ದೂರು ನಾಲ್ಕನೇ ಪುಟದ ಬಗ್ಗೆ. ‘ಕಾಗದವನ್ನು ಸಂಭಾಷಣೆ ಮಾಡಿಬಿಟ್ಟೆ’ ಎಂಬ ಪ್ರಸಿದ್ಧ ಮಾತನ್ನು, ‘ಜೇನಿನ ನೊಣ ಆಗಬೇಡಿ, ಕಲ್ಲುಸಕ್ಕರೆಯ ನೊಣ ಆಗಿ’ ಎಂಬ ಮಾತನ್ನು ತಫ್ತಾನಿಗೆ ಹೇಳಿಸಿದ್ದೀರಿ. ಎರಡೂ ಗಾಲಿಬನ ಇನ್ನೊಬ್ಬ ಗೆಳೆಯ ಮಿರ್ಜಾ ಹಾತಿಮ್ ಅಲಿ ಮೆಹ್ರ್‌ಗೆ ಬರೆದವು. ತಪ್ಪು ಎಲ್ಲಿ ನಡೆಯಿತೆಂದು ಊಹಿಸಬಲ್ಲೆ. ಎರಡೂ ಕಡೆ ಕರೆ ‘ಮಿರ್ಜಾ ಸಾಹಿಬ್’ ಎಂದಿದೆ, ನೀವು ಮಿರ್ಜಾ ತಫ್ತಾ ಎಂದುಕೊಂಡಿರಿ. ಆದರೆ ಎರಡನೆಯ ಮಾತು ಪ್ರೇಯಸಿ ಸತ್ತ ದುಃಖದಲ್ಲಿ ಮುಳುಗಿದ್ದ ಮೆಹ್ರ್‌ಗೆ ಹೇಳಿದ್ದು. ಜೇನಿಗೆ ಕೂತ ನೊಣ ಅಂಟಿಕೊಳ್ಳುತ್ತದೆ, ಕಲ್ಲುಸಕ್ಕರೆಗೆ ಕೂತದ್ದು ಹಾರಬಲ್ಲದು. ಅದನ್ನು ತಫ್ತಾನಿಗೆ ಹಚ್ಚಿದರೆ ಇಲ್ಲದ ಪ್ರೇಯಸಿಯನ್ನು ಅವನಿಗೆ ಕಟ್ಟಿದ ಹಾಗೆ. ನೀವು ಐದನೇ ಪುಟದಲ್ಲಿ ಅದನ್ನೂ ಮಾಡಿದ್ದೀರಿ.

ನನಗೆ ಈ ಕೆಲಸ ಕಲಿಸಿದವರು ಉದ್ಧರಣೆಯನ್ನು ನೇರವಾಗಿ ಲೇಖನಕ್ಕೆ ಇಳಿಸಲು ಬಿಡುತ್ತಿರಲಿಲ್ಲ. ಒಂದು ಸಾಲಿಗೆ ಒಂದು ಕಾರ್ಡು. ಮೇಲ್ತುದಿಯಲ್ಲಿ ಯಾರಿಗೆ, ಎಲ್ಲಿಂದ. ಅದರ ಕೆಳಗೆ ತಾರೀಖು ಮತ್ತು ವಾರ. ನಡುವೆ ಉದ್ಧರಣೆ, ಅದರ ಹಿಂದಿನ ಎರಡು ಸಾಲು, ಮುಂದಿನ ಎರಡು ಸಾಲು ಸಹಿತ. ಹಿಂಬದಿಯಲ್ಲಿ ಅದೇ ವ್ಯಕ್ತಿಗೆ ಬರೆದ ಹಿಂದಿನ ಕಾಗದದ ತಾರೀಖು. ವಾರವನ್ನು ಬರೆಯುವುದಕ್ಕೆ ಕಾರಣವಿದೆ. ಹಿಜ್ರಿ ತಾರೀಖು ಚಂದ್ರದರ್ಶನದ ಮೇಲೆ ಒಂದು ದಿನ ಆಚೀಚೆ ಆಗುತ್ತದೆ, ಓದುವಾಗ ಅಂಕಿಗಳೂ ತಪ್ಪುತ್ತವೆ, ವಾರ ಹೊಂದಿದರೆ ನೆಮ್ಮದಿ. 1858ರ ಡಿಸೆಂಬರ್ 27 ಸೋಮವಾರ, ಸರಿ. 1857ರ ಡಿಸೆಂಬರ್ 5 ಶನಿವಾರ, ಸರಿ. ತಾರೀಖೇ ಇಲ್ಲದ ಕಾಗದವಾದರೆ ಒಳಗಿನ ಸುದ್ದಿಯನ್ನು ಹಿಡಿಯಬೇಕು. ನಿಂತ ಪಿಂಚಣಿ ಮತ್ತೆ ಬಂತು ಎಂದಿದ್ದರೆ ಅದು 1860ರ ಮೇಗಿಂತ ಹಿಂದಿನದಾಗಲಾರದು.

ಗಾಲಿಬನ ಉರ್ದು ಕಾಗದಗಳ ಸಂಗ್ರಹಗಳಾದ 1868ರ ‘ಊದ್-ಎ-ಹಿಂದಿ’ ಆಗಲಿ, ಗಾಲಿಬ್ ತೀರಿಕೊಂಡ ಮರುತಿಂಗಳು, 1869ರ ಮಾರ್ಚ್‌ನಲ್ಲಿ ಹೊರಬಂದ ‘ಉರ್ದು-ಎ-ಮುಅಲ್ಲಾ’ ಆಗಲಿ ತಾರೀಖಿನ ಕ್ರಮದಲ್ಲಿ ಇಲ್ಲ. ಕ್ರಮವನ್ನು ನೀವೇ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡರೆ ಏನು ಸಿಗುತ್ತದೆ ನೋಡಿ. ಕಾರ್ಡುಗಳನ್ನು 1857ರ ಡಿಸೆಂಬರ್‌ನಿಂದ 1858ರ ಡಿಸೆಂಬರ್‌ವರೆಗೆ ಸಾಲಾಗಿ ಹರಡಿ.

ಮೊದಲನೆಯದು ಡಿಸೆಂಬರ್ 5ರದು. ತಾನು ದಿಲ್ಲಿಯ ಬಲ್ಲಿಮಾರಾನ್‌ನಲ್ಲಿ ಹಕೀಮರ, ಅಂದರೆ ವೈದ್ಯರ, ಮನೆಯಲ್ಲಿ ಬಾಡಿಗೆಗಿದ್ದೇನೆ, ಅಕ್ಕಪಕ್ಕದ ಹಕೀಮರು ಪಟಿಯಾಲದ ರಾಜಾ ನರೇಂದ್ರಸಿಂಹನ ನೌಕರರು, ರಾಜನ ಕಾವಲು ಬಂದದ್ದರಿಂದ ಗಲ್ಲಿ ಉಳಿಯಿತು ಎಂದು ಅದರಲ್ಲಿ ಬರೆಯುತ್ತಾನೆ. ಕೋಟೆಯ ನೌಕರರ ಮೇಲೆ ಬಿಗಿ ಹೆಚ್ಚಿದೆ, ವಿವರವಾಗಿ ಬರೆಯಲು ಹೆದರುತ್ತೇನೆ ಎಂದೂ ಅದೇ ಕಾಗದದಲ್ಲಿದೆ. ಗಾಲಿಬನೂ ದರ್ಬಾರಿನ ಸಂಬಳ ತಿಂದವನು. ‘ತಫ್ತಾನಿಂದ ಅವನು ಏನನ್ನೂ ಮುಚ್ಚಿಡಲಿಲ್ಲ’ ಎಂಬ ನಿಮ್ಮ ವಾಕ್ಯ ಇಲ್ಲಿ ಬಿದ್ದುಹೋಗುತ್ತದೆ. ಮುಚ್ಚಿಡುತ್ತಿದ್ದೇನೆ ಎಂದು ಅವನೇ ಹೇಳಿದ್ದಾನೆ. ಗೆಳೆಯನಿಗೆ ಅಷ್ಟು ಸಾಕು ಎಂಬ ನಂಬಿಕೆ ಆ ಸಾಲಿನಲ್ಲಿದೆ.

ಅನಂತರ ‘ದಸ್ತಂಬೂ’. 1857ರ ಮೇ 11ರಿಂದ 1858ರ ಜುಲೈ 31ರವರೆಗಿನ ದಿಲ್ಲಿಯ ಕಥನ ಅದು, ಅರಬ್ಬೀ ಪದ ಸೋಕದ ಫಾರಸಿಯಲ್ಲಿ ಬರೆಯುತ್ತೇನೆಂಬ ಹಟ. ಆಗ್ರಾದಲ್ಲಿ ಮುನ್ಷಿ ಶಿವನಾರಾಯಣ ಆರಾಮ್‌ನ ಮುಫೀದ್-ಎ-ಖಲಾಯಿಖ್ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದಾಗ ‘ನಹೀಬ್’ ಎಂಬ ಪದ ಅರಬ್ಬೀ ಎಂದು ತಡವಾಗಿ ಹೊಳೆದು, ಅದನ್ನು ತೆಗೆದು ‘ನವಾ’ ಮಾಡಿಸಿ ಎಂದು ತಫ್ತಾನಿಗೆ ದುಂಬಾಲು ಬೀಳುತ್ತಾನೆ. ನೀವು ಈ ಕಾಗದಗಳನ್ನು ‘ವ್ಯವಹಾರದವು’ ಎಂದು ಒಂದು ಪ್ಯಾರಾಕ್ಕೆ ಸೀಮಿತಗೊಳಿಸಿದ್ದೀರಿ. ನನಗಂತೂ ಇವುಗಳಷ್ಟು ಆಪ್ತವಾದವು ಬೇರೆ ಕಾಣುವುದಿಲ್ಲ. ತನ್ನ ಪುಸ್ತಕದಲ್ಲಿ ಒಂದು ಪದ ತಪ್ಪಿದೆ ಎಂದು ಕವಿ ಯಾರ ಬಳಿ ಅಂಗಲಾಚುತ್ತಾನೋ ಅವನೇ ಹತ್ತಿರದವನು.

ಪುಸ್ತಕ ನವೆಂಬರ್‌ನಲ್ಲಿ ಹೊರಬಂತು. ಅದೇ ತಿಂಗಳು ತಫ್ತಾ, ಶಿವನಾರಾಯಣ ಇಬ್ಬರೂ ಉರ್ದು ಕಾಗದಗಳನ್ನು ಅಚ್ಚು ಹಾಕಿಸುತ್ತೇವೆಂದು ಹೊರಟಾಗ ಗಾಲಿಬ್ ಒಪ್ಪಲಿಲ್ಲ. ‘ಹುಡುಗರ ಹಾಗೆ ಹಟ ಹಿಡಿಯಬೇಡಿ’ ಎಂದು ತಫ್ತಾನನ್ನು ಗದರಿದ. ಕೆಲವೇ ವಾರಗಳ ಮೇಲೆ ಬಂದದ್ದು ನಿಮ್ಮ ಎರಡನೇ ಪುಟದ ಮುನಿಸಿನ ಕಾಗದ. ಗದರಿಕೆಯೇ ಮುನಿಸಿಗೆ ಕಾರಣ ಎಂದು ಮಾತ್ರ ಬರೆಯಬೇಡಿ. ಕಾಗದ ಹಾಗೆ ಹೇಳುವುದಿಲ್ಲ, ಗಾಲಿಬನೇ ಕಾರಣ ಕೇಳುತ್ತಿದ್ದಾನೆ. ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಡಿ, ಓದುಗರು ನೋಡಿಕೊಳ್ಳುತ್ತಾರೆ.

ಈಗ ಮಾಡಬೇಕಾದದ್ದು: ಈ ಒಂದು ವರ್ಷವನ್ನಷ್ಟೇ ಇಟ್ಟುಕೊಳ್ಳಿ, ಮೆಹ್ರ್‌ನ ಎರಡು ಮಾತು ಮತ್ತು ಐದನೇ ಪುಟ ಹೋಗಲಿ. ಡಿಸೆಂಬರ್ 27ರ ಕಾಗದವನ್ನು ಉರ್ದು ಬಲ್ಲವರೊಬ್ಬರ ಜೊತೆ ಕೂತು, ಒಂದು ಸಾಲೂ ಬಿಡದೆ, ಚುಕ್ಕೆ ಹಾಕದೆ ಕನ್ನಡಕ್ಕೆ ತನ್ನಿ. ಅದು ಒಂದು ಪುಟ ಮೀರುವುದಿಲ್ಲ, ಲೇಖನ ಅಲ್ಲಿಂದಲೇ ಶುರುವಾಗಲಿ. ಮುಂದಿನ ತಿಂಗಳ ಹತ್ತರೊಳಗೆ ಕಾರ್ಡುಗಳನ್ನೂ ಜೊತೆಗಿಟ್ಟು ಕಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತೇನೆ.