ಪಾರ್ಕ್ ಕೌಂಟಿಯ ಮರದ ಸೇತುವೆಗಳು: ಒಂದು ದಿನ ಸಾಕಾ?

ಅಮೆರಿಕದ ಇಂಡಿಯಾನಾ ರಾಜ್ಯದ ಪಾರ್ಕ್ ಕೌಂಟಿಯಲ್ಲಿರೋ (ಕೌಂಟಿ ಅಂದ್ರೆ ಜಿಲ್ಲೆ ಥರ) ಚಾವಣಿ ಹೊದಿಸಿದ ಮರದ ಸೇತುವೆಗಳನ್ನ ಒಂದೇ ದಿನದಲ್ಲಿ ನೋಡಬಹುದಾ ಅಂತ ಕೇಳಿದ್ರಿ. ಕಳೆದ ವರ್ಷ ಇಡೀ ದಿನ ಕಾರಲ್ಲೇ ಕಳೆದು ಎರಡೇ ಸೇತುವೆ ನೋಡಿದ್ವಿ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ಸೇತುವೆ ಹಬ್ಬ. ಅಕ್ಟೋಬರ್ ಎರಡನೇ ಶುಕ್ರವಾರ ಶುರುವಾಗಿ ಹತ್ತು ದಿನ ನಡೆಯುತ್ತೆ, ಸೇತುವೆಗಳಿರೋ ಬ್ರಿಡ್ಜ್‌ಟನ್ ಮತ್ತು ಮ್ಯಾನ್ಸ್‌ಫೀಲ್ಡ್ ಊರುಗಳಲ್ಲಿ ಕಾಲಿಡಲೂ ಜಾಗ ಇರಲ್ಲ.

ಈ ಸಲ ಅಪ್ಪ ಅಮ್ಮನ ಜೊತೆ ಹೋಗ್ತೀರಿ ಅಲ್ವಾ, ಹಬ್ಬ ಮುಗಿದ ಮೇಲಿನ ವಾರದ ದಿನ ಆರಿಸಿಕೊಳ್ಳಿ. ಎಲೆಗಳ ಬಣ್ಣ ಆಗ ಎಷ್ಟು ಉಳಿದಿರುತ್ತೆ ಅಂತ ಖಚಿತವಾಗಿ ಹೇಳೋಕಾಗಲ್ಲ, ಮಳೆಗಾಳಿ ಜೋರಾದರೆ ಎರಡೇ ದಿನದಲ್ಲಿ ಉದುರಿಬಿಡುತ್ತೆ.

ಇಂಡಿಯಾನಾಪೊಲಿಸ್‌ನಿಂದ ಬೆಳಿಗ್ಗೆ ಬೇಗ ಹೊರಟು ಮೊದಲು ಕೌಂಟಿಯ ಉತ್ತರ ಭಾಗದಲ್ಲಿರೋ ಟರ್ಕಿ ರನ್ ಪಾರ್ಕ್‌ಗೆ ಹೋಗಿ. 1882ರ ನ್ಯಾರೋಸ್ ಸೇತುವೆ ಅಲ್ಲೇ ಇದೆ. ಅದರ ಮೇಲೆ ಕಾರು ಬಿಡಲ್ಲ, ಹಾಗಾಗಿ ನಿಧಾನವಾಗಿ ನಡೆಯಬಹುದು. ಒಳಗೆ ನಿಂತು ಪಕ್ಕದ ಗೋಡೆ ನೋಡಿ: ದಪ್ಪ ಮರದ ಕಮಾನು ಈ ದಡದಿಂದ ಆ ದಡಕ್ಕೆ ಬಾಗಿರುತ್ತೆ, ಭಾರ ಹೊರೋದರಲ್ಲಿ ಅದರದ್ದೂ ಪಾಲಿದೆ. ಚಾವಣಿ ಇರೋದು ಆ ಮರ ನೆನೆದು ಕೊಳೆಯದಿರಲಿ ಅಂತ. ಹತ್ತಿರದಲ್ಲೇ 1913ರ ಕಾಕ್ಸ್ ಫೋರ್ಡ್ ಸೇತುವೆ ಇದೆ, ಅದನ್ನೂ ನೋಡಿ.

ಆಮೇಲೆ ಕೌಂಟಿಯ ಮುಖ್ಯ ಊರು ರಾಕ್‌ವಿಲ್‌ಗೆ ಬಂದು ಊಟ ಮಾಡಿ, ಕಾಗದದ ಮ್ಯಾಪ್ ತಗೊಳ್ಳಿ. ಬಣ್ಣಬಣ್ಣದ ಗೆರೆಗಳಲ್ಲಿ ದಾರಿ ಗುರುತಿಸಿರುತ್ತೆ, ಫೋನ್ ಸಿಗ್ನಲ್ ನಂಬಬೇಡಿ. ಮಧ್ಯಾಹ್ನ ದಕ್ಷಿಣಕ್ಕೆ, 1867ರ ಮ್ಯಾನ್ಸ್‌ಫೀಲ್ಡ್, ಕೊನೆಗೆ ಬ್ರಿಡ್ಜ್‌ಟನ್. ಬ್ರಿಡ್ಜ್‌ಟನ್‌ದು ಹಳೇದಲ್ಲ. 1868ರ ಸೇತುವೆಗೆ 2005ರಲ್ಲಿ ಬೆಂಕಿ ಬಿತ್ತು, ಊರವರು ಸೇರಿ ಮುಂದಿನ ವರ್ಷವೇ ಮತ್ತೆ ಕಟ್ಟಿದರು. ಅದಕ್ಕೇ ನನಗೆ ಅದು ಎಲ್ಲಕ್ಕಿಂತ ಇಷ್ಟ.

ಕೌಂಟಿಯ 31 ಸೇತುವೆಯನ್ನೂ ನೋಡಲು ಹೋಗಬೇಡಿ, ಹಿರಿಯರಿಗೆ ನಾಲ್ಕೈದೇ ಸಾಕು.