ಅಪ್ಪ-ಅವ್ವನಿಗೆ ಗ್ರೀನ್ ಕಾರ್ಡ್: ಅರ್ಜಿಗೆ ಮುನ್ನ ತೀರ್ಮಾನಿಸಬೇಕಾದದ್ದು

ಪ್ರಶ್ನೆ: ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವಳು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ, ಈಗ ಗಂಡ ಮತ್ತು ಇಬ್ಬರು ಮಕ್ಕಳೊಂದಿಗೆ ಡಲ್ಲಾಸ್‌ನಲ್ಲಿದ್ದೇನೆ. ಕಳೆದ ವರ್ಷ ಅಮೆರಿಕದ ಪೌರತ್ವ ದೊರೆಯಿತು. ನಿವೃತ್ತ ಶಿಕ್ಷಕರಾದ ಅಪ್ಪನಿಗೂ ಅವ್ವನಿಗೂ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ) ಮಾಡಿಸಬೇಕೆಂದಿದ್ದೇನೆ. ನಾನು 1992ರಲ್ಲಿ ಮನೆಯಲ್ಲೇ ಹುಟ್ಟಿದ್ದರಿಂದ ಜನನ ನೋಂದಣಿಯಾಗಿಲ್ಲ. ಅಪ್ಪ-ಅವ್ವನ ಮದುವೆಯೂ ನೋಂದಣಿಯಾಗಿಲ್ಲ. ನನ್ನ ಶಾಲಾ ದಾಖಲೆಯಲ್ಲಿ ಅವ್ವನ ಹೆಸರು ನೀಲವ್ವ, ಆಕೆಯ ಪಾಸ್‌ಪೋರ್ಟಿನಲ್ಲಿ ನೀಲಾಂಬಿಕಾ ಎಂದಿದೆ. ಮದುವೆಯಾಗದ 26 ವರ್ಷದ ತಂಗಿಯೂ ಜೊತೆಗೆ ಬರಬಹುದೇ? ಅಪ್ಪ-ಅವ್ವನ ಬಳಿ ಸಂದರ್ಶಕ ವೀಸಾ ಇದೆ. ಮುಂದಿನ ಸಲ ಬಂದಾಗ ಇಲ್ಲಿಂದಲೇ ಅರ್ಜಿ ಹಾಕಬಹುದೇ? ಹೊಲವಿರುವುದರಿಂದ ವರ್ಷಕ್ಕೆ ಏಳೆಂಟು ತಿಂಗಳು ಊರಲ್ಲೇ ಇರುವುದಾಗಿ ಅಪ್ಪ ಹೇಳುತ್ತಾರೆ.

ಉತ್ತರ: ನಿಮ್ಮ ಅಪ್ಪ ಹೇಳಿರುವ ಮಾತು ಉಳಿದೆಲ್ಲ ಪ್ರಶ್ನೆಗಳಿಗಿಂತ ದೊಡ್ಡದು. ಮೊದಲು ಕಾಗದಪತ್ರಗಳ ವಿಷಯ ತಿಳಿಸಿ, ಅನಂತರ ಅದಕ್ಕೆ ಬರುತ್ತೇನೆ.

21 ವರ್ಷ ತುಂಬಿದ ಅಮೆರಿಕದ ಪೌರರು ತಂದೆ-ತಾಯಿಗಾಗಿ ಅರ್ಜಿ ಸಲ್ಲಿಸಬಹುದು; ಹುಟ್ಟಿನಿಂದ ಪೌರರಾದವರಿಗೂ ನಿಮ್ಮಂತೆ ಅನಂತರ ಪೌರತ್ವ ಪಡೆದವರಿಗೂ ಇದರಲ್ಲಿ ವ್ಯತ್ಯಾಸವಿಲ್ಲ. ಪೌರರ ತಂದೆ-ತಾಯಿಗೆ ವಾರ್ಷಿಕ ವೀಸಾ ಮಿತಿ ಅನ್ವಯಿಸುವುದಿಲ್ಲವಾದ್ದರಿಂದ, ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಇರುವಂಥ ದೀರ್ಘ ಸರದಿ ಇವರಿಗಿಲ್ಲ. ಇಬ್ಬರಿಗೂ ಪ್ರತ್ಯೇಕವಾಗಿ, ನಿಮ್ಮೊಂದಿಗಿನ ಸಂಬಂಧವನ್ನು ತೋರಿಸುವ ಐ-130 ಅರ್ಜಿ ಬೇಕು. ಅದು ಮಂಜೂರಾದ ಮೇಲೆ ಕಡತವು ಸಂದರ್ಶನಕ್ಕೆ ಮುನ್ನ ದಾಖಲೆಗಳನ್ನು ನೋಡುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗಿ, ಅಲ್ಲಿ ವಲಸೆ ವೀಸಾದ ಡಿಎಸ್-260 ಅರ್ಜಿ ಮತ್ತು ದಾಖಲೆಗಳ ಪರಿಶೀಲನೆ ಮುಗಿದ ಬಳಿಕ, ಸಾಮಾನ್ಯವಾಗಿ ಮುಂಬೈನ ಕಾನ್ಸುಲೇಟಿನಲ್ಲಿ ಸಂದರ್ಶನ ನಡೆಯುತ್ತದೆ.

ಇಂಥ ಕಡತಗಳು ನಮ್ಮ ಭಾಗದಲ್ಲಿ ತಡವಾಗುವುದು ಹೆಚ್ಚಾಗಿ ಸಂಬಂಧವನ್ನು ಸಾಬೀತುಪಡಿಸುವ ಹಂತದಲ್ಲಿ. ಅವ್ವನ ಅರ್ಜಿಗೆ ನಿಮ್ಮ ಜನನ ಪ್ರಮಾಣಪತ್ರ ಬೇಕು; ಅಪ್ಪನ ಅರ್ಜಿಗೆ ಅದರ ಜೊತೆಗೆ ಅವರ ವಿವಾಹ ಪ್ರಮಾಣಪತ್ರವೂ ಬೇಕು. ಜನನ ದಾಖಲೆಯಿಲ್ಲವೆಂಬ ಪ್ರಮಾಣಪತ್ರವನ್ನು ಊರಿನ ಜನನ-ಮರಣ ನೋಂದಣಾಧಿಕಾರಿಯಿಂದ ಪಡೆದು, ಅದರೊಡನೆ ಶಾಲೆ ಬಿಟ್ಟ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಳೆಯ ಪಡಿತರ ಚೀಟಿ ಮತ್ತು ನಿಮ್ಮ ಜನನವನ್ನು ಖುದ್ದಾಗಿ ಬಲ್ಲ ಇಬ್ಬರು ಹಿರಿಯರ ಅಫಿಡವಿಟ್‌ಗಳನ್ನು ಸಲ್ಲಿಸಬಹುದು. ಸೋದರಮಾವನೋ ಅತ್ತೆಯೋ ಹುಟ್ಟಿದ ದಿನ, ಸ್ಥಳ, ತಂದೆ-ತಾಯಿಯ ಹೆಸರು ಹಾಗೂ ತಮಗೆ ಅದು ಹೇಗೆ ಗೊತ್ತು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಎಲ್ಲರಿಗೂ ಒಂದೇ ಒಕ್ಕಣೆ ಟೈಪ್ ಮಾಡಿಸಿದ ಪತ್ರಗಳಿಗೆ ಬೆಲೆ ಕಡಿಮೆ. ವಿಳಂಬ ನೋಂದಣಿಗೂ ಅವಕಾಶವಿದೆ, ಆದರೆ ಈಗಷ್ಟೇ ಮಾಡಿಸಿದ ದಾಖಲೆಯ ಜೊತೆಗೆ ಹಳೆಯ ಪುರಾವೆಗಳನ್ನೂ ಇಡುವುದು ಒಳ್ಳೆಯದು. ಅಪ್ಪ-ಅವ್ವನ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇಂದಿಗೂ ನೋಂದಾಯಿಸಬಹುದು.

ನೀಲವ್ವ ಮತ್ತು ನೀಲಾಂಬಿಕಾ ಒಬ್ಬರೇ ಎಂಬುದು ಊರಿನವರಿಗೆಲ್ಲ ಗೊತ್ತು, ಮುಂಬೈನ ಅಧಿಕಾರಿಗೆ ಗೊತ್ತಿಲ್ಲ. ಎರಡು ಹೆಸರುಗಳನ್ನೂ ಉಲ್ಲೇಖಿಸಿದ ಅಫಿಡವಿಟ್ ಅನ್ನು ನೋಟರಿ ಮುಂದೆ ಮಾಡಿಸಿ, ಅರ್ಜಿಯ ಇತರ ಹೆಸರುಗಳ ಅಂಕಣದಲ್ಲಿಯೂ ನಮೂದಿಸಿ. ಮದುವೆಯ ನಂತರ ನಿಮ್ಮ ಅಡ್ಡಹೆಸರು ಬದಲಾಗಿದ್ದರೆ ನಿಮ್ಮ ವಿವಾಹ ಪ್ರಮಾಣಪತ್ರವನ್ನೂ ಲಗತ್ತಿಸಬೇಕು. ಐ-130 ಜೊತೆಗಿಡುವ ಕನ್ನಡ ದಾಖಲೆಗಳಿಗೆ ಪೂರ್ಣ ಇಂಗ್ಲಿಷ್ ಅನುವಾದವೂ ಅನುವಾದಕರ ದೃಢೀಕರಣವೂ ಬೇಕು. ಅಪ್ಪ-ಅವ್ವನ ಮೇಲೆ ಅಪರಾಧ ಪ್ರಕರಣಗಳಿಲ್ಲವೆಂಬ ಪೊಲೀಸ್ ಪ್ರಮಾಣಪತ್ರಕ್ಕೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಅರ್ಜಿ ಸಲ್ಲಿಸಬಹುದು.

ಅವರನ್ನು ನೋಡಿಕೊಳ್ಳುವಷ್ಟು ಆದಾಯ ನಿಮಗಿದೆಯೆಂದು ತೋರಿಸಬೇಕು. ಈ ಲೆಕ್ಕದಲ್ಲಿ ನಿಮ್ಮ ನಾಲ್ವರೊಂದಿಗೆ ಅವರಿಬ್ಬರೂ ಸೇರಿ ಆರು ಜನರಾಗುತ್ತೀರಿ. 2025ರ ಪಟ್ಟಿಯಂತೆ ಟೆಕ್ಸಾಸ್‌ನಲ್ಲಿ ಇದಕ್ಕೆ ವರ್ಷಕ್ಕೆ ಸುಮಾರು 53,900 ಡಾಲರ್ ಆದಾಯ ಬೇಕಿತ್ತು. ನೀವು ಸಹಿ ಹಾಕುವ ಐ-864 ಅವರ ಜೀವನ ನಿರ್ವಹಣೆಯ ಕಾನೂನುಬದ್ಧ ಹೊಣೆಪತ್ರವಾಗಿದ್ದು, ಅವರು ಪೌರರಾಗುವವರೆಗೆ ಅಥವಾ ಅಮೆರಿಕದ ವಾಸವನ್ನು ಕಾಯಂ ಆಗಿ ಬಿಡುವವರೆಗೆ ಸಾಮಾನ್ಯವಾಗಿ ಜಾರಿಯಲ್ಲಿರುತ್ತದೆ.

ತಂಗಿ ಜೊತೆಗೆ ಬರಲು ಸಾಧ್ಯವಿಲ್ಲ. ತಂದೆ-ತಾಯಿಯ ಅರ್ಜಿಯಲ್ಲಿ ಅವಲಂಬಿತರನ್ನು ಸೇರಿಸುವ ಅವಕಾಶವೇ ಇಲ್ಲ. ಅಕ್ಕನಾಗಿ ನೀವು ಸಲ್ಲಿಸುವ ಅರ್ಜಿಗೆ ಭಾರತೀಯರು 15 ವರ್ಷಕ್ಕೂ ಹೆಚ್ಚು ಕಾಯಬೇಕಾಗಿದೆ. ಅಪ್ಪನೋ ಅವ್ವನೋ ಗ್ರೀನ್ ಕಾರ್ಡ್ ಪಡೆದ ಮೇಲೆ ಅವಿವಾಹಿತ ಮಗಳಿಗಾಗಿ ಅರ್ಜಿ ಹಾಕಬಹುದು, ಆದರೆ ಅರ್ಜಿದಾರರು ಪೌರರಾಗುವ ಮೊದಲೇ ಆಕೆಗೆ ಮದುವೆಯಾದರೆ ಆ ಅರ್ಜಿ ರದ್ದಾಗುತ್ತದೆ. ಈ ಕಾರಣಕ್ಕಾಗಿ ಆಕೆಯ ಮದುವೆಯನ್ನು ಮುಂದೂಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಅರ್ಜಿ ಹಾಕುವ ಉದ್ದೇಶದಿಂದಲೇ ಸಂದರ್ಶಕ ವೀಸಾದಲ್ಲಿ ಕರೆಸಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ‘ಮಗಳನ್ನು ನೋಡಿ ಮರಳುತ್ತೇವೆ’ ಎಂದು ಹೇಳಿ, ಒಳಗೆ ಬಂದು ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಿದರೆ ಅದು ಸುಳ್ಳು ಹೇಳಿಕೆಯೆಂದು ಪರಿಗಣಿತವಾಗುವ ಅಪಾಯವಿದೆ, ಮತ್ತು ಆ ಕಳಂಕ ಅವರ ಮುಂದಿನ ಎಲ್ಲ ಅರ್ಜಿಗಳಿಗೂ ಅಂಟಿಕೊಳ್ಳುತ್ತದೆ.

ಇನ್ನು ಅಪ್ಪನ ಮಾತು. ಗ್ರೀನ್ ಕಾರ್ಡ್ ಇರುವುದು ಅಮೆರಿಕವನ್ನೇ ಮನೆ ಮಾಡಿಕೊಳ್ಳುವವರಿಗೆ. ಮುಂಗಾರಿ ಹೆಸರು ಬಿತ್ತಿ, ಹಿಂಗಾರಿ ಜೋಳ-ಕಡಲೆ ರಾಶಿ ಮಾಡಿ, ಬೇಸಿಗೆಗೆ ಮೊಮ್ಮಕ್ಕಳ ಬಳಿ ಹೋಗಿಬರುವ ಜೀವನಕ್ರಮಕ್ಕೆ ಅದು ಹೊಂದುವುದಿಲ್ಲ. ಆರು ತಿಂಗಳು ಮೀರಿ ಹೊರಗಿದ್ದು ಮರಳಿದರೆ ವಿಚಾರಣೆ ನಡೆಯಬಹುದು. ಮರುಪ್ರವೇಶ ಪರವಾನಗಿಯಿಲ್ಲದೆ ವರ್ಷಕ್ಕೂ ಹೆಚ್ಚು ಹೊರಗಿದ್ದರೆ ಕಾರ್ಡು ತೋರಿಸಿ ಒಳಹೋಗಲಾಗದು. ಆರು ತಿಂಗಳಿಗೊಮ್ಮೆ ಮುಖ ತೋರಿಸಿದರೆ ಸಾಕೆಂಬ ನಂಬಿಕೆಯೂ ತಪ್ಪು, ಏಕೆಂದರೆ ಅವರ ನಿಜವಾದ ಮನೆ ಎಲ್ಲಿದೆ ಎಂಬುದನ್ನು ಅಧಿಕಾರಿ ನೋಡುತ್ತಾರೆ.

ಜೊತೆಗೆ, ಗ್ರೀನ್ ಕಾರ್ಡ್ ಬಂದ ದಿನದಿಂದ ಊರಿನ ಆದಾಯವನ್ನೂ ಅಮೆರಿಕದ ತೆರಿಗೆ ವಿವರದಲ್ಲಿ ಲೆಕ್ಕಕ್ಕೆ ತರಬೇಕಾಗುತ್ತದೆ. ಭಾರತದಲ್ಲಿ ಆದಾಯ ತೆರಿಗೆಯಿಲ್ಲದ ಹೊಲದ ಹುಟ್ಟುವಳಿಗೂ ಇದು ಅನ್ವಯಿಸುತ್ತದೆ. ಭಾರತದ ಬ್ಯಾಂಕುಗಳಲ್ಲಿರುವ ಹಣ ವರ್ಷದಲ್ಲಿ ಎಂದಾದರೂ ಒಟ್ಟು 10,000 ಡಾಲರ್ ಮೀರಿದರೆ ಪ್ರತ್ಯೇಕ ವರದಿ ಕೊಡಬೇಕು. ಅಮೆರಿಕದಲ್ಲಿ ದುಡಿದ ಇತಿಹಾಸವಿಲ್ಲದ ಹಿರಿಯರಿಗೆ 65 ದಾಟಿದ್ದರೂ ಸಾಮಾನ್ಯವಾಗಿ ಐದು ವರ್ಷ ಸತತವಾಗಿ ವಾಸಿಸುವವರೆಗೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸೇರುವ ಅವಕಾಶವಿಲ್ಲ. ಅಷ್ಟು ಕಾಲ ಖಾಸಗಿ ವಿಮೆಯ ಕಂತು ನಿಮ್ಮ ಮೇಲೆಯೇ ಬೀಳುತ್ತದೆ.

ಆದ್ದರಿಂದ ನನ್ನ ಸಲಹೆಯಿಷ್ಟು: ದಾಖಲೆಗಳನ್ನು ಈಗಲೇ ಸರಿಪಡಿಸಿಕೊಳ್ಳಿ, ಐ-130 ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿಯಿರಿ. ಅರ್ಜಿ ಸಲ್ಲಿಸಿದ ಮೇಲೆ ಸಂದರ್ಶಕರಾಗಿ ಬರುವಾಗಲೂ ಅವರ ಉದ್ದೇಶ ಪ್ರಶ್ನೆಗೊಳಗಾಗಬಹುದು. ಪೌರರಾಗಿ ನಿಮಗಿರುವ ಈ ಹಕ್ಕಿಗೆ ಕಾಲಮಿತಿಯಿಲ್ಲ. ಈಗಿರುವ ವೀಸಾದಲ್ಲಿ ಅವರು ಬಂದುಹೋಗುತ್ತಿರಲಿ. ಹೊಲದ ಉಸ್ತುವಾರಿಯನ್ನು ಬೇರೆಯವರಿಗೆ ವಹಿಸಿ ನಿಮ್ಮೊಂದಿಗೆ ನೆಲೆಸಲು ಅಪ್ಪನೇ ಮನಸ್ಸು ಮಾಡಿದಾಗ ಇಬ್ಬರ ಅರ್ಜಿಗಳನ್ನೂ ಒಟ್ಟಿಗೆ ಸಲ್ಲಿಸಿ.